ಫಂಡಿನ ಸಾಹೇಬ್ರು

ಸಾರವಾಡದಲ್ಲಿ ಹುಟ್ಟಿ ಜಿನೀವಾದಲ್ಲಿ ಪಗಾರ ಎಣಿಸುವ ಸಾಹೇಬರ ಕೆಲಸವೇನೆಂಬುದು ಊರಿಗೆ ಇನ್ನೂ ಬಗೆಹರಿದಿಲ್ಲ. ಡಾಕ್ಟರೇ? ಅಲ್ಲ, ತಲೆನೋವಿಗೆ ಗುಳಿಗೆ ಕೇಳಿದರೆ ಕೊಡುವುದಿಲ್ಲ. ಬ್ಯಾಂಕಿನವರೇ? ಅಲ್ಲ, ಬೆಳೆಸಾಲ ಕೇಳಿದರೆ ನಗುತ್ತಾರೆ. "ಜಾಗತಿಕ ಆರೋಗ್ಯ ಹಣಕಾಸು" ಎಂದು ಅವರೇ ಹೇಳಿಕೊಳ್ಳುತ್ತಾರೆ. ಹೆಣ್ಣು ಕೊಡಲು ಬಂದವರಿಗೆ ಅವರವ್ವ, "ಅಂವಾ ದವಾಖಾನಿ ರೊಕ್ಕದ ಲೆಕ್ಕಾ ಬರೀತಾನ್ರೀ" ಎಂದು ಮುಗಿಸಿದ್ದಳು. ಇದಕ್ಕಿಂತ ಚೊಲೋ ವಿವರಣೆ ನಾನಂತೂ ಕೇಳಿಲ್ಲ.

ರಜೆಗೆ ಬಂದಾಗ ಜೋಳದ ರೊಟ್ಟಿ ಮುರಿಯುತ್ತಲೇ ಮಿಲಿಯನ್, ಬಿಲಿಯನ್ ಎನ್ನುತ್ತಾರೆ. ಡೋಣಿ ಹೊಳೆ ಉಕ್ಕಿ ಸೇತುವೆ ಮುಳುಗಿದರೆ "ರಿಸ್ಕ್" ಎನ್ನುತ್ತಾರೆ, ದಾಟುವ ದಾರಿ ಮಾತ್ರ ಹೇಳುವುದಿಲ್ಲ. ಓಣಿಯ ಕ್ಷಯರೋಗಿಯೊಬ್ಬ ಸರಕಾರದ ತಿಂಗಳ 1000 ರೂಪಾಯಿ ಪೋಷಣೆ ಹಣ ಖಾತೆಗೆ ಬಿದ್ದಿಲ್ಲವೆಂದು ಇವರ ಹತ್ತಿರ ಹೋದ. "ಅದು ನಮ್ಮ ಲೆವೆಲ್ ಅಲ್ಲ" ಅಂದರು. ಆಶಾ ಕಾರ್ಯಕರ್ತೆ ಅವನ ಪಾಸ್‌ಬುಕ್ ಹಿಡಿದು ಅಡ್ಡಾಡಿ ಮಾಡಿಸಿಕೊಂಡು ಬಂದಳು.

ಈ ಸಲ ಗುಡಿಕಟ್ಟೆಯಲ್ಲಿ ಜಾತ್ರೆಯ ಪಟ್ಟಿ ಎತ್ತುವ ಕಾಕಾ, ಕೆಲಸವೇನೆಂದು ಕೇಳದೆ ಬಿಡಲಿಲ್ಲ. ಸಾಹೇಬರು ಬಿಡಿಸಿ ಹೇಳಿದರು: ತಮ್ಮದು 2002ರಲ್ಲಿ ಶುರುವಾದ ಗ್ಲೋಬಲ್ ಫಂಡ್, ಏಡ್ಸ್, ಕ್ಷಯ, ಮಲೇರಿಯಾ ಮೂರಕ್ಕೆ. ಮೂರು ವರ್ಷಕ್ಕೊಮ್ಮೆ ದೇಶಗಳನ್ನು ಕೂಡಿಸಿ ರೊಕ್ಕ ಕೇಳುವುದು. 2022ರಲ್ಲಿ ನ್ಯೂಯಾರ್ಕ್‌ನಲ್ಲಿ ಕೊಡುತ್ತೇವೆಂದು ಒಪ್ಪಿಕೊಂಡದ್ದೇ 1400 ಕೋಟಿ ಡಾಲರ್ ಮಿಕ್ಕಿ.

"ಅಂದ್ರ ಪಟ್ಟಿ ಎತ್ತತೀರಿ."

"ಹಂಗಲ್ಲ ಕಾಕಾ, ಅದು ರಿಪ್ಲೆನಿಶ್‌ಮೆಂಟ್."

"ನಮ್ಮ ದೇಶ?"

"ತಗೋತೀವಿ, ಕೊಡತೀವಿ, ಎರಡೂ."

"ಕೊಡತೀನಿ ಅಂದವ್ರೆಲ್ಲಾ ಕೊಡತಾರೇನು?"

ಸಾಹೇಬರು ಚಾ ಕುಡಿದರು.

"ಹಂಗಾದ್ರ ಪಟ್ಟೀನ ಬಿಡು ತಮ್ಮಾ" ಎಂದು ಕಾಕಾ ಜಾತ್ರೆಯ ಪಾವತಿ ಪುಸ್ತಕ ಮುಂದೆ ಸರಿಸಿದರು.

ಸಾಹೇಬರು ಕಿಸೆಗೆ ಕೈ ಹಾಕಲಿಲ್ಲ, ಅಮೆರಿಕದ ಕಾನೂನು ತೆಗೆದರು. ಬಹಳ ವರ್ಷ ಫಂಡಿಗೆ ಅಮೆರಿಕದ ಪಾಲು ಒಟ್ಟು ಮೊತ್ತದ ಮೂರರಲ್ಲೊಂದನ್ನು ಮೀರುವಂತಿರಲಿಲ್ಲ. ಅದರ ಒಂದು ಡಾಲರಿಗೆ ಉಳಿದವರು ಎರಡು ಹಾಕಲೇಬೇಕಿತ್ತು. "ನೀವು ಎರಡು ಪಾಲು ಕೂಡಸ್ರಿ, ಮೂರನೇದು ನಂದು." ಜೊತೆಗೆ ಜಾತ್ರೆಯ ಗುರಿ, ಸೂಚಕಗಳನ್ನೂ ಬರೆದುಕೊಡಬೇಕಂತೆ. ತೇರು ಎಳೆಯುವುದಕ್ಕೆ ಎಂಥ ಸೂಚಕ? ತೇರು ಪಾದಗಟ್ಟೆ ಮುಟ್ಟಿದರೆ ಮುಗಿಯಿತಲ್ಲ.

ಓಣಿಯ ಹುಡುಗರು ಹಟಕ್ಕೆ ಬಿದ್ದು ಎರಡು ಪಾಲು ಕೂಡಿಸಿಯೇಬಿಟ್ಟರು. ಅಷ್ಟರಲ್ಲಿ ಸಾಹೇಬರು ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿದ್ದರು. ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಬಾಕಿ" ಎಂದು ಕಾಕಾ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾರೆ. ಪೆನ್ನಿನಲ್ಲಿ ಬರೆದರೆ ದೊಡ್ಡವರಿಗೆ ಬ್ಯಾಸರಾಗತೈತಂತೆ.