ಎರಡು ಪಾಯಿಂಟ್ ಇಪ್ಪತ್ತು

ಕಂಪ್ಯೂಟರುಗಳ ಗಡಿಯಾರ ಹೊಂದಿಸುವ ಎನ್‌ಟಿಪಿ 1985ರಿಂದಲೂ ಇದೆ. ಅದರ ಎನ್‌ಟಿಪಿಕ್ಯೂ ಎಂಬ ಕಮಾಂಡ್ ಕೊಡುವ ಪಟ್ಟಿಗೆ ಮಾತ್ರ ಹಳೇ ಮನೆತನದವರ ಗತ್ತು: ಅಂಕಿ ಕೊಡುತ್ತದೆ, ಅದು ಏನೆಂದು ಹೇಳುವುದಿಲ್ಲ. ಡಿಲೇ, ಆಫ್‌ಸೆಟ್, ಜಿಟರ್ ಮಿಲಿಸೆಕೆಂಡಿನಲ್ಲಿ. ಪಕ್ಕದ ಪೋಲ್ ಸೆಕೆಂಡಿನಲ್ಲಿ. ರೀಚ್‌ನ 377 ಎಂಟರ ಲೆಕ್ಕದ ಅಂಕಿ. ಈಚಿನ ಎಂಟು ವಿಚಾರಣೆಗೂ ಉತ್ತರ ಬಂದಿದೆ ಎಂದು ಅರ್ಥ. ಇದೇ ಆಫ್‌ಸೆಟ್ ಲಾಗ್ ಫೈಲಿಗೆ ಇಳಿದಾಗ ಸದ್ದಿಲ್ಲದೆ ಸೆಕೆಂಡಾಗಿರುತ್ತದೆ.

ನಮ್ಮ ನಲ್ಲೂರಿಗೆ ಈ ರಗಳೆ ಇಲ್ಲ. ಇಲ್ಲಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮರಗಳಿಗೆ ವಯಸ್ಸೆಷ್ಟು ಎಂದರೆ ಒಬ್ಬರು ನಾನೂರು ಅನ್ನುತ್ತಾರೆ, ಇನ್ನೊಬ್ಬರು ಸಾವಿರ. ಆರುನೂರು ವರ್ಷದ ಆಫ್‌ಸೆಟ್ಟಿಗೆ ಯಾರ ನಿದ್ದೆಯೂ ಕೆಟ್ಟಿಲ್ಲ. ಸರ್ವರು ನೋಡಿಕೊಳ್ಳುವ ನನ್ನಂಥವರಿಗೆ ಆ ಭಾಗ್ಯವಿಲ್ಲ. ಸರ್ವರುಗಳ ವೇಳೆ ಎನ್‌ಐಸಿ ಅಥವಾ ಎನ್‌ಪಿಎಲ್ ಗಡಿಯಾರಕ್ಕೆ ಹೊಂದಿರಬೇಕೆಂದು ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ಮೊನ್ನೆ ಮಾವ ಬಂದರು. ಜಮೀನು ವ್ಯಾಪಾರ ಅವರ ಕಸುಬು. ಸ್ಕ್ರೀನಿಗೆ ಕಣ್ಣಾಡಿಸಿ, "ಇದೇನೋ ಅಳಿಯ, ಮೈನಸ್ ಎರಡು ಪಾಯಿಂಟ್ ಇಪ್ಪತ್ತು? ಎರಡೂವರೆ ಎಕರೆ ಒತ್ತುವರಿ ಆಗೈತಾ?" ಎಂದರು.

ನಕ್ಕೆ, ಆದರೆ ಲೆಕ್ಕ ಅವರದೂ ಸರಿಯೇ. ಪಹಣಿಯಲ್ಲಿ 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ನಲವತ್ತು ಗುಂಟೆಗೆ ಒಂದೆಕರೆ. ಕ್ಯಾಲ್ಕುಲೇಟರ್ ಹಿಡಿದು ಓದಿದವನು ಹನ್ನೆರಡು ಗುಂಟೆ ಕಳಕೊಂಡ.

ಒತ್ತುವರಿಯ ಮಾತೂ ಅಷ್ಟು ತಪ್ಪಲ್ಲ. ಎನ್‌ಟಿಪಿಕ್ಯೂ ಪಟ್ಟಿಯ ಆಫ್‌ಸೆಟ್ ಮೈನಸ್ ಎಂದರೆ ನಮ್ಮ ಗಡಿಯಾರ ಮುಂದೆ ನುಗ್ಗಿದೆ. ಇದೇ ಕೆಲಸದ ಇನ್ನೊಂದು ತಂತ್ರಾಂಶ ಕ್ರೋನಿಯ ಸೋರ್ಸಸ್ ಪಟ್ಟಿಯಲ್ಲಿ ಅದೇ ನುಗ್ಗಾಟಕ್ಕೆ ಪ್ಲಸ್! ಆದರೂ ಕ್ರೋನಿ ಸಭ್ಯ ಮನುಷ್ಯ. ಅಂಕಿಯ ಬಾಲಕ್ಕೆ ಎಂಎಸ್, ಯುಎಸ್, ಎನ್‌ಎಸ್ ಕಟ್ಟಿರುತ್ತದೆ. ಯುಎಸ್ ಅಮೆರಿಕವಲ್ಲ, ಮೈಕ್ರೋಸೆಕೆಂಡ್; ಎನ್‌ಎಸ್ ನ್ಯಾನೋಸೆಕೆಂಡ್. ಡ್ರಿಫ್ಟ್ ಫೈಲಿನಲ್ಲಿರುವುದು ಪಿಪಿಎಂ, ಹತ್ತು ಲಕ್ಷಕ್ಕೆ ಇಷ್ಟು ಪಾಲು. ದಿನಕ್ಕೆ 86,400 ಸೆಕೆಂಡಾದ್ದರಿಂದ, ಹನ್ನೆರಡು ಪಿಪಿಎಂ ತಪ್ಪುವ ಗಡಿಯಾರ ದಿನಕ್ಕೆ ಹತ್ತಿರಹತ್ತಿರ ಒಂದು ಸೆಕೆಂಡ್ ಕೆಡುತ್ತದೆ.

ಬಾಲವಿಲ್ಲದ ಅಂಕಿ ಕಂಡರೆ ನಾನು ದೂರ ಅಳೆಯುತ್ತೇನೆ. ದೆಹಲಿಯ ಸರ್ವರಿಗೆ ಡಿಲೇ 40 ಅಂತಿಟ್ಟುಕೊಳ್ಳಿ. ಅದು ಸೆಕೆಂಡಾದರೆ ಅಷ್ಟರಲ್ಲಿ ಟೀ ಸೋಸಿ ಲೋಟಕ್ಕೆ ಬಗ್ಗಿಸಬಹುದು. ಅಷ್ಟು ನಿಧಾನದ ಲೈನಿನಲ್ಲಿ ನನ್ನ ಕೆಲಸವೇ ನಡೆಯುತ್ತಿರಲಿಲ್ಲ. ಮೈಕ್ರೋಸೆಕೆಂಡೂ ಆಗದು. ಗಾಜಿನ ತಂತಿಯಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ, ದೆಹಲಿ ನೇರಗೆರೆಯಲ್ಲೇ 1,700 ಕಿ.ಮೀ. ಹೋಗಿಬರಲು ಹದಿನೇಳು ಮಿಲಿಸೆಕೆಂಡಿಗೆ ಕಮ್ಮಿ ಸಾಧ್ಯವೇ ಇಲ್ಲ. ಉಳಿದದ್ದು ಮಿಲಿಸೆಕೆಂಡೇ.

"ನ್ಯಾನೋ ಅಂದ್ರೆ ಎಷ್ಟು?" ಮಾವ ಕೇಳಿದರು.

"ಬೆಳಕು ಒಂದಡಿ ಹೋಗೋವಷ್ಟು ಹೊತ್ತು ಮಾವ."

"ಅಡಿ ಲೆಕ್ಕಕ್ಕೆ ಬಂತಾ? ಹಂಗಾದ್ರೆ ಲೇಔಟ್ ಆಯ್ತು ಬಿಡು, ರೇಟು ಬೇರೆ."