ಯಾವೂರಾಯ್ತು ನಿಮ್ದು?

(2011ರ ಫೆಬ್ರುವರಿ. ಶಿವಮೊಗ್ಗದ ಒಂದು ಮನೆಯ ಜಗುಲಿ. ಕೆಇಬಿಯಿಂದ ನಿವೃತ್ತರಾದ ಅಜ್ಜ, ಅವರೆಕಾಯಿ ಬಿಡಿಸುತ್ತಿರುವ ಅಜ್ಜಿ, ಬಾಣಂತನ ಮುಗಿಸಿ ಬಂದ ಸೊಸೆ, ತೊಟ್ಟಿಲಲ್ಲಿ ಮಗು. ಜನಗಣತಿ ಮೇಷ್ಟ್ರು ಪಟ್ಟಿ ಬಿಚ್ಚಿದ್ದಾರೆ. ಕಾಫಿ ಕೊಡುವ ಮನೆಯಲ್ಲಿ ಪಟ್ಟಿ ಬೇಗ ತುಂಬುವುದಿಲ್ಲ ಎಂಬುದು ಅವರಿಗೂ ಗೊತ್ತು.)

ಮೇಷ್ಟ್ರು: ಅಜ್ಜಾ, ನಿಮ್ಮ ಜನ್ಮಸ್ಥಳ?

ಅಜ್ಜಿ: ಜನ್ಮಸ್ಥಳ ದೇವರಿಗೆ ಮೇಷ್ಟ್ರೇ. ಇವರಿಗೆ ಬರೀ ಊರು.

ಅಜ್ಜ: ಸುಮ್ನಿರೇ. ಬರ್ಕೊಳ್ಳಿ ಮಾರಾಯ್ರೆ. ನಮ್ಮ ಮೂಲ…

ಮೇಷ್ಟ್ರು: ಮೂಲ ಕೇಳಿಲ್ಲ.

ಅಜ್ಜಿ: ಕೇಳೋದೂ ಬೇಡ. ಹೋದ ವರ್ಷ ಆಪರೇಷನ್ ಮಾಡ್ಸಿ ತೆಗೆಸಿದ್ದೀವಿ.

ಅಜ್ಜ: (ಕೆಮ್ಮಿ) ಸ್ವಂತ ಊರು ಸಾಗರ ತಾಲ್ಲೂಕು, ಮಡೆನೂರಿನ ಹತ್ತಿರ. ಈಗ ನೀರಿನಡಿ.

ಮೇಷ್ಟ್ರು: ಹುಟ್ಟಿದ್ದು ಅಲ್ಲೇನಾ?

ಅಜ್ಜ: ಇನ್ನೆಲ್ಲಿ ಹುಟ್ಟಲಿ?

ಅಜ್ಜಿ: ರಿಪ್ಪನ್‌ಪೇಟೇಲಿ. ಅತ್ತೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ರು. ಮೂರು ದಿನ ನೋವು ತಿಂದ್ರಂತೆ. ಆಗ್ಲೂ ಇವರದ್ದು ನಿಧಾನ.

ಅಜ್ಜ: ಅದೆಲ್ಲ ಲೆಕ್ಕಕ್ಕಿಲ್ಲ! ಕುವೆಂಪು ಹುಟ್ಟಿದ್ದೂ ತಾಯಿ ತವರಲ್ಲೇ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೇಲಿ. ಅವರೂರು ಯಾವುದು ಅಂದ್ರೆ ಯಾರಾದ್ರೂ ಕುಪ್ಪಳಿ ಬಿಟ್ಟು ಬೇರೆ ಹೇಳ್ತಾರಾ?

ಮೇಷ್ಟ್ರು: ನನ್ನ ಪಟ್ಟೀಲಿ ಅವರಿಗೂ ಹಿರೇಕೊಡಿಗೇನೇ ಬರೀಬೇಕಿತ್ತು ಅಜ್ಜಾ. ನಿಮಗೆ ರಿಪ್ಪನ್‌ಪೇಟೆ. ಅಮ್ಮಾ, ನೀವು?

ಅಜ್ಜಿ: ಬಳ್ಳಾರಿ. ರಾಜ್ಯ ಮದ್ರಾಸು.

ಮೇಷ್ಟ್ರು: ಕರ್ನಾಟಕ ಅಂತ ಬರೀತೀನಿ. ಈಗ ಯಾವ ರಾಜ್ಯವೋ ಅದೇ ಲೆಕ್ಕ.

ಅಜ್ಜಿ: ಈಗಿನ ಮಾತು ಯಾರು ಕೇಳಿದ್ರು? ನಾನು ಹುಟ್ಟಿದಾಗ ಮದ್ರಾಸೇ ಅಲ್ವಾ? 1953ರ ಅಕ್ಟೋಬರ್ ಒಂದನೇ ತಾರೀಕು ಬೆಳಿಗ್ಗೆ ಏಳೋ ಹೊತ್ತಿಗೆ ಮೈಸೂರು ರಾಜ್ಯದಲ್ಲಿದ್ದೆ. ಹಾಸಿಗೆ ಕೂಡ ಸುತ್ತಿರಲಿಲ್ಲ. ಇಪ್ಪತ್ತು ವರ್ಷ ಬಿಟ್ಟು ಹೊಸಪೇಟೇಲಿ ರೊಟ್ಟಿ ತಟ್ಟುತ್ತಾ ಇದ್ದೆ, ಮೈಸೂರು ಹೋಗಿ ಕರ್ನಾಟಕ ಬಂತು. ರೊಟ್ಟಿ ಹೊತ್ತಲಿಲ್ಲ ನೋಡಿ.

ಮೇಷ್ಟ್ರು: ಅದಕ್ಕೆಲ್ಲ ಜಾಗ ಇಲ್ಲಮ್ಮ. ಮಗು ಎಲ್ಲಿ ಹುಟ್ಟಿದ್ದು?

ಸೊಸೆ: ದಾವಣಗೆರೇಲಿ, ಅಮ್ಮನ ಮನೇಲಿದ್ದಾಗ. ಮೊನ್ನೆ ಮೂರು ತಿಂಗಳು ತುಂಬಿಸ್ಕೊಂಡು ಬಂದ್ವಿ.

ಮೇಷ್ಟ್ರು: ಹಾಗಾದ್ರೆ ಇದೂ ವಲಸೆ ಬಂದಿದೆ.

ಅಜ್ಜ: ಯಾರು, ಕೂಸಾ?

ಮೇಷ್ಟ್ರು: ಹೌದು. ಊರು ಬಿಟ್ಟು ಬಂದಿದ್ದಕ್ಕೆ ಏಳು ಕಾರಣ ಕೊಟ್ಟಿದ್ದಾರೆ. ಉದ್ಯೋಗ ಒಂದು, ಮದುವೆ ನಾಲ್ಕು. ಐದು, ಹುಟ್ಟಿದ ಮೇಲೆ ಬಂದಿದ್ದು.

ಅಜ್ಜಿ: ದಿಲ್ಲೀಲಿ ಕೂತೋರಿಗೂ ಬಾಣಂತನ ತವರಲ್ಲಿ ಅಂತ ಗೊತ್ತಿದೆ, ಪರವಾಗಿಲ್ಲ. ನಂದು ನಾಲ್ಕು ಹಾಕಿ.

ಮೇಷ್ಟ್ರು: 2001ರಲ್ಲಿ ಎಣಿಸಿದಾಗ ಹೀಗೆ ಜಾಗ ಬಿಟ್ಟು ಬಂದೋರು ಮೂವತ್ತು ಕೋಟಿಗೂ ಮೇಲೆ ಸಿಕ್ಕಿದ್ರು. ಹೆಂಗಸರೇ ಹೆಚ್ಚು. ಅವರಿಗೆ ಮದುವೆಯೇ ದೊಡ್ಡ ಕಾರಣ.

ಅಜ್ಜಿ: ಇಷ್ಟು ಕಂಡುಹಿಡಿಯೋಕೆ ದೇಶವೆಲ್ಲ ಸುತ್ತಬೇಕಿತ್ತಾ? ನಮ್ಮ ಬೀದಿ ನಲ್ಲಿ ಹತ್ರ ನಿಂತಿದ್ರೆ ಸಾಕಿತ್ತು.

ಮೇಷ್ಟ್ರು: ಆದ್ರೆ ನಿಮಗೆ ನಾಲ್ಕು ಬರಲ್ಲಮ್ಮ. ಇಲ್ಲಿಗೆ ಬರೋ ಮುಂಚೆ ಕೊನೇದಾಗಿ ಎಲ್ಲಿದ್ರಿ ಅನ್ನೋದೊಂದೇ ಪ್ರಶ್ನೆ. ಹೊಸಪೇಟೆಯಿಂದ ಯಜಮಾನರ ಜೊತೆ ಬಂದ್ರಿ. ಮನೆಯವರೊಂದಿಗೆ ಬಂದಿದ್ದು, ಆರು.

ಅಜ್ಜಿ: (ಅವರೆಕಾಯಿ ಕೈಬಿಟ್ಟು) ಅಂದ್ರೆ ಈ ಮದುವೆ ಸರ್ಕಾರದ ಲೆಕ್ಕದಲ್ಲಿ ಇಲ್ವೇ ಇಲ್ಲ?

ಮೇಷ್ಟ್ರು: ಹಾಗಲ್ಲ, ವಿವಾಹಿತೆ ಅಂತ ಮೇಲೇ ಬರೆದಿದ್ದೀನಿ.

ಅಜ್ಜಿ: ಅಯ್ಯೋ, ಒಂದು ಕ್ಷಣ ಆಸೆ ಹುಟ್ಟಿತ್ತು.

ಅಜ್ಜ: ನನ್ನದು ಹೇಳಿ. ಹುಟ್ಟಿದ್ದು ರಿಪ್ಪನ್‌ಪೇಟೆ ಅಂದ್ರಿ. ಕೊನೇದು?

ಮೇಷ್ಟ್ರು: ಹೊಸಪೇಟೆ. ವರ್ಗ ಆಗಿ ಬಂದ್ರಿ. ಉದ್ಯೋಗ, ಒಂದು.

ಅಜ್ಜ: ನಮ್ಮೂರು?

ಮೇಷ್ಟ್ರು: (ಪಟ್ಟಿ ತಿರುಗಿಸಿ ಮುರುಗಿಸಿ) ಬರಲ್ಲ.

ಅಜ್ಜ: ಏನ್ರೀ ಹಾಗಂದ್ರೆ! ಆಡಿ ಬೆಳೆದ ಊರು. ಗದ್ದೆ ಇತ್ತು, ತೋಟ ಇತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಳುಗಿಸಿದ್ರು. ನಮ್ಮ ಮನೆ ಹಾಗಿರಲಿ, ಹಿರೇಭಾಸ್ಕರ ಡ್ಯಾಮನ್ನೇ ಬಿಡಲಿಲ್ಲ. 1948ರಲ್ಲಿ ಜೋಗದ ಕರೆಂಟಿಗೆ ನೀರು ಕೊಡೋಕೆ ಅಂತ ಕಟ್ಟಿದ ಡ್ಯಾಮು ಅದು. ಡ್ಯಾಮಿನೊಳಗೆ ಡ್ಯಾಮು ಮುಳುಗಿದೆ ಮಾರಾಯ್ರೆ! ನೀರು ತೀರಾ ಇಳಿದ ವರ್ಷ ಮಾತ್ರ ತಲೆ ಕಾಣತ್ತೆ.

ಅಜ್ಜಿ: ಅಷ್ಟೆಲ್ಲ ಆದ್ಮೇಲೂ ಇವರು ಕೆಇಬಿಗೇ ಸೇರಿದ್ರು. ಊರು ಮುಳುಗಿಸಿ ಮಾಡಿದ ಕರೆಂಟಿಗೆ ಬಿಲ್ಲು ಬರೆದವರು ಇವರೇ.

ಅಜ್ಜ: ಇನ್ಯಾರು ಕೆಲಸ ಕೊಡ್ತಿದ್ರು? ಮೇಷ್ಟ್ರೇ, ಒಂದು ಕೆಲಸ ಮಾಡಿ. ಆ ಅಂಚಲ್ಲಿ ಖಾಲಿ ಇದೆಯಲ್ಲ, ಅಲ್ಲಿ ಸಣ್ಣದಾಗಿ ಊರಿನ ಹೆಸರು ಬರೆದುಬಿಡಿ.

ಮೇಷ್ಟ್ರು: ಅಯ್ಯಯ್ಯೋ, ಇದು ಸ್ಕ್ಯಾನ್‌ಗೆ ಹೋಗತ್ತೆ ಅಜ್ಜಾ. ಅಂಚಲ್ಲಿ ಗೀಚಿದ್ರೆ ನನ್ನನ್ನೇ ಊರು ಬಿಡಿಸ್ತಾರೆ.

ಅಜ್ಜಿ: ಬಿಡಿಸ್ಲಿ ಬಿಡಿ. ಯಾವ ನಂಬರು ಅಂತ ಗೊತ್ತಿದೆಯಲ್ಲ, ಒಂದು.