ಗುಂಡಸೂತ್ರ: ಮಲ್ಲತ್ತಹಳ್ಳಿ ಸೀಮೆಯ ನಾಮಶಾಸ್ತ್ರಕ್ಕೊಂದು ಭಾಷ್ಯ

ನಾಮಶಾಸ್ತ್ರದಲ್ಲಿ ಈವರೆಗೆ ಬಗೆಹರಿಯದೆ ಉಳಿದಿರುವ ಪ್ರಶ್ನೆ ಒಂದೇ: ಮಲ್ಲ ಏಕೆ ಅತ್ತ? ಬೆಂಗಳೂರಿನ ಪಡುವಣಕ್ಕೆ, ನಾಗರಬಾವಿ ದಾಟಿದರೆ, ಜ್ಞಾನಭಾರತಿಯ ಮಗ್ಗುಲಲ್ಲಿರುವ ಊರು ಮಲ್ಲತ್ತಹಳ್ಳಿ. ಬಿಡಿಸಿದರೆ ಮಲ್ಲ, ಅತ್ತ, ಹಳ್ಳಿ. ವ್ಯಾಕರಣ ಇಷ್ಟು ಬಾಯಿಬಿಟ್ಟು ಹೇಳುತ್ತಿರುವಾಗ ಇತಿಹಾಸ ಸುಮ್ಮನಿರುವುದು ಅನುಮಾನಕ್ಕೆ ಎಡೆಮಾಡುತ್ತದೆ. ಅತ್ತ ಎಂದರೆ ಆ ಕಡೆ ಎನ್ನುವ ಪಂಥವೊಂದುಂಟು. ಹಾಗಾದರೆ ಈ ಕಡೆ ಒಂದು ಮಲ್ಲಿತ್ತಹಳ್ಳಿಯೂ ಇರಬೇಕಲ್ಲ? ಹೊರವರ್ತುಲ ರಸ್ತೆಯವರೆಗೆ ಹುಡುಕಿದರೂ ಸಿಕ್ಕುವುದು ಅಪಾರ್ಟ್‌ಮೆಂಟುಗಳೇ. ಅದು ಮಲ್ಲನ ಅತ್ತೆಯ ಊರು ಎನ್ನುವ ಪಂಥ ಪೂರ್ತಿ ಅಳಿಯಂದಿರದ್ದು, ಗಣನೆಗೆ ತಕ್ಕದ್ದಲ್ಲ. ಊರಿನ ಕಲಾಗ್ರಾಮದಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರವಿದೆ, ಅಲ್ಲಿ ಅಳುವುದನ್ನೂ ಶಾಸ್ತ್ರೋಕ್ತವಾಗಿ ಕಲಿಸಿಯಾರು ಎಂಬುದು ನಿಜ. ಆದರೆ ಊರಿನ ಹೆಸರು ಆ ಶಾಲೆಗಿಂತ ಹಳೆಯದು.

ಇಂಥ ಪದಚ್ಛೇದವನ್ನು ಹಗುರವಾಗಿ ಕಾಣುವವರು ಬೆಂಗಳೂರನ್ನೇ ನೋಡಲಿ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂದು ನಾವೆಲ್ಲ ನಂಬಿ ಬೆಳೆದಿದ್ದೇವೆ. ಆ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ವೀರಗಲ್ಲು ಬೆಂಗಳೂರ ಕಾಳಗದ ಸುದ್ದಿ ಹೇಳುವುದು ಸುಮಾರು 890ರಲ್ಲಿ. ಹೆಸರು ಮೊದಲೇ ಬಂದು ಮುನ್ನೂರು ವರ್ಷ ಕಾಳು ಬೇಯುವುದನ್ನೇ ಕಾದು ಕೂತಿತ್ತು ಎಂದ ಮೇಲೆ ಅದು ಹುರುಳಿಕಾಳೇ ಸೈ.

ಈಗ ಭಾಷ್ಯಕಾರನ ಸಿದ್ಧಾಂತ. ಮಲ್ಲ ಜಟ್ಟಿಯಲ್ಲ, ಹನ್ನೊಂದು ದಿನದ ಕೂಸು. ಅತ್ತದ್ದು ಹೆಸರಿಟ್ಟಾಗ. ಅಳದೆ ಏನು ಮಾಡೀತು? ನಮ್ಮ ಹಿರಿಯರು ಹೆಸರಿಡುತ್ತಿದ್ದದ್ದು ಮಗುವಿನ ಮೆಚ್ಚುಗೆಗಲ್ಲ, ಯಮನನ್ನು ಯಾಮಾರಿಸುವುದಕ್ಕೆ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಹೋದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು, ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಎಂದು ಕಲ್ಲಪ್ಪ, ಗುಂಡಪ್ಪ. ಇದು ಯಾರಿಗೂ ಬೇಡದ್ದು ಎಂದು ಸಾರಲು ಹುಚ್ಚಪ್ಪ, ಕಾಡಪ್ಪ. ಯಮನ ಕಚೇರಿಯಲ್ಲಿ ಪಟ್ಟಿ ನೋಡುವ ಗುಮಾಸ್ತ "ತಿಪ್ಪೆಯಂತೆ, ಬಿಡಿ ಸ್ವಾಮಿ" ಎಂದು ಮುಂದಿನ ಹಾಳೆ ತಿರುವಬೇಕು. ಕಡತ ನಡೆಯುವ ರೀತಿ ಬಲ್ಲವರಿಗೆ ಮಾತ್ರ ಹೊಳೆಯುವ ಉಪಾಯ. ಸಾಕಮ್ಮನ ದಾರಿ ಬೇರೆ: ಸಾಲಾಗಿ ಹೆಣ್ಣು ಹುಟ್ಟಿದ ಮನೆಯವರು ದೇವರಿಗೆ ಹಾಕಿಕೊಂಡ ಅರ್ಜಿ ಅದು. ಹೆಸರು ಹೊತ್ತವರು ಅರ್ಜಿಯ ಒಕ್ಕಣೆಯನ್ನು ಲೆಕ್ಕಕ್ಕಿಟ್ಟಂತಿಲ್ಲ. ಬೆಂಗಳೂರಿನ ಒಬ್ಬ ಸಾಕಮ್ಮನವರು ಕಾಫಿಪುಡಿಯ ಉದ್ಯಮ ಕಟ್ಟಿ, ಊರಿಗೆ ಊರೇ ಇನ್ನೊಂದು ಲೋಟ ಬೇಕು ಅನ್ನುವ ಹಾಗೆ ಮಾಡಿದರು.

ಇದೆಲ್ಲ ಹಳ್ಳಿಗಾಡಿನ ಮಾತೆಂದು ಮೂಗು ಮುರಿಯುವವರಿಗೆ ಬಾದಾಮಿಯ ಬಂಡೆಯನ್ನು ತೋರಿಸಬೇಕು. ಸುಮಾರು 700ರಲ್ಲಿ ಅಲ್ಲಿ ತ್ರಿಪದಿಯಲ್ಲಿ ಹೊಗಳಿಸಿಕೊಂಡ ವೀರನ ಹೆಸರು ಕಪ್ಪೆ ಅರಭಟ್ಟ. ಆ ಕಪ್ಪೆ ವಟಗುಟ್ಟುವ ಕಪ್ಪೆಯೇ ಹೌದೋ ಎಂಬ ಚರ್ಚೆ ವಿದ್ವಾಂಸರಿಗೆ ಇರಲಿ. ಸಂಖ್ಯಾಶಾಸ್ತ್ರಿಯ ಬಳಿ ಹೋಗದೆ, ಹೆಸರಿಗೆ ಎರಡನೆಯ ‘ಎ’ ಸೇರಿಸಿಕೊಳ್ಳದೆ, ಹದಿಮೂರು ಶತಮಾನ ದಾಟಿದ ಮನುಷ್ಯ ಅವನು.

ಶಾಸ್ತ್ರಪ್ರಮಾಣಕ್ಕೆ ಬಂದರೆ ಪತಂಜಲಿಯ ಮಹಾಭಾಷ್ಯವಿದೆ. ಗಂಡುಮಗುವಿನ ಹೆಸರು ಘೋಷಾಕ್ಷರದಿಂದ ಶುರುವಾಗಬೇಕು, ನಡುವೆ ಯರಲವಗಳಲ್ಲೊಂದು ಇರಬೇಕು, ಮೊದಲ ಸ್ವರ ಆ, ಐ, ಔ ಆಗಕೂಡದು, ಎರಡಕ್ಷರವೋ ನಾಲ್ಕಕ್ಷರವೋ ಇರಬೇಕು; ಇದಕ್ಕಾದರೂ ವ್ಯಾಕರಣ ಓದಿ ಎನ್ನುವುದು ಅಲ್ಲಿನ ವಾದ. ಈ ಜರಡಿಯಲ್ಲಿ ನಾಗರಬಾವಿಯ ಪಾರ್ಕುಗಳ ಆರವ್, ಆರ್ಯನ್, ಆದ್ವಿಕ್ ಎಲ್ಲರೂ ಮೊದಲ ಅಕ್ಷರಕ್ಕೇ ಫೇಲು. ಪೂರ್ತಿ ಅಂಕ ಪಡೆದು ಪಾಸಾಗುವ ಹೆಸರು ಗುಂಡೂರಾವ: ಗಕಾರ ಘೋಷ, ಒಳಗೆ ರೇಫೆ, ಅಕ್ಷರ ನಾಲ್ಕು. 1980ರಿಂದ 83ರವರೆಗೆ ಕರ್ನಾಟಕವನ್ನು ಆಳಿದ್ದೂ ಆ ಹೆಸರೇ. ಆರವ್ ಎಂದರೆ ಪ್ರಶಾಂತ ಎಂದು ನಂಬಿ ಇಟ್ಟವರಿಗೆ ಇನ್ನೊಂದು ವಿಷಯ ತಿಳಿಸಬೇಕಾಗಿದೆ: ಸಂಸ್ಕೃತ ನಿಘಂಟಿನಲ್ಲಿ ಆರವ ಎಂದರೆ ಕೂಗು, ಸದ್ದು, ಗದ್ದಲ. ಈ ಅರ್ಥ ಕೆಳಗಿನ ಮನೆಯವರಿಗೆ ನಿಘಂಟು ನೋಡದೆಯೇ ಗೊತ್ತಿದೆ.

ನಕ್ಷತ್ರದ ಕಷ್ಟ ಬೇರೆಯೇ. ಆರ್ದ್ರಾ ನಕ್ಷತ್ರದ ನಾಲ್ಕು ಪಾದಗಳಿಗೆ ಪಂಚಾಂಗ ಕೊಡುವ ಅಕ್ಷರಗಳು ಕು, ಘ, ಙ, ಛ. ಮೂರನೆಯ ಪಾದದ ಕೂಸಿಗೆ ಙಕಾರದಿಂದ ಹೆಸರು ಹುಡುಕಲು ಹೊರಟ ತಂದೆ ನಿಘಂಟಿನಲ್ಲಿ ಖಾಲಿ ಪುಟಕ್ಕೆ ಬಂದು ನಿಲ್ಲುತ್ತಾನೆ. ವಾಸ್ತವದಲ್ಲಿ ಅವನು ಹುಡುಕಬೇಕಾದ್ದೇ ಇಲ್ಲ. ಆ ಹೆಸರನ್ನು ಮಗು ತೊಟ್ಟಿಲಲ್ಲಿ ರಾತ್ರಿಯಿಡೀ ತಾನೇ ಹೇಳಿಕೊಳ್ಳುತ್ತಿರುತ್ತದೆ.

ಇನ್ನು ನಾಮಧಾರಿ ಮೊಮ್ಮಕ್ಕಳ ಪ್ರಕರಣ. ತಾತನ ಹೆಸರು ಮೊಮ್ಮಗನಿಗೆ ಬರಬೇಕು. ಸೊಸೆ ಮಾವನ ಹೆಸರು ಹಿಡಿದು ಕರೆಯಬಾರದು. ಎರಡನ್ನೂ ಪಾಲಿಸಿದರೆ ಕೆಂಪಯ್ಯನೆಂಬ ಹುಡುಗ ಹಾಲು ಚೆಲ್ಲಿದಾಗ ಬೈಯುವುದು ಹೇಗೆ? "ಏ ಕೆಂಪಯ್ಯ, ಬೆನ್ನು ಮುರೀತೀನಿ" ಎಂದರೆ ಪಡಸಾಲೆಯಲ್ಲಿ ಎಲೆಅಡಿಕೆ ಹಾಕುತ್ತಿರುವ ಹಿರಿಯರು ಎದ್ದು ಕೂರುತ್ತಾರೆ. ಬೈಯಲು ಅನುಕೂಲವಾಗಲೆಂದು ಹುಟ್ಟಿದ್ದೇ ಪುಟ್ಟ, ಗುಂಡ, ಮರಿ, ಚಿನ್ನಿ ಎಂಬ ಕರೆಯುವ ಹೆಸರುಗಳ ಇಡೀ ಸಂತತಿ. ಕೆಲವು ಮನೆಗಳಲ್ಲಿ ಪುಟ್ಟನೇ ರಿಜಿಸ್ಟರಿಗೂ ಏರಿದ. ಕುಪ್ಪಳಿಯ ಪುಟ್ಟಪ್ಪನವರು ಬರೆದ ರಾಮಾಯಣದ ಗಾತ್ರವನ್ನೂ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಹೆಸರಿನ ಅರ್ಥಕ್ಕೂ ಮನುಷ್ಯನಿಗೂ ಇರುವ ಸಂಬಂಧ ಎಷ್ಟೆಂಬುದು ತಿಳಿಯುತ್ತದೆ. ಇತ್ತೀಚೆಗೆ ಸಾಫ್ಟ್‌ವೇರ್ ಕಂಪನಿಗಳು ಕೆಂಪಯ್ಯನನ್ನು ಬೇರೊಂದು ಬಾಗಿಲಿನಿಂದ ಒಳಕ್ಕೆ ಕರೆದುಕೊಂಡಿವೆ. ಫಾರಂನ ಲಾಸ್ಟ್ ನೇಮ್ ಜಾಗಕ್ಕೆ ಅಪ್ಪನ ಹೆಸರು ತುಂಬಿಸಿದ್ದರಿಂದ, ಅಮೆರಿಕದ ಮ್ಯಾನೇಜರ್ ದಿನಾ ಬೆಳಿಗ್ಗೆ ಮಗನಿಗೆ "ಹಾಯ್ ಕೆಂಪಯ್ಯ" ಎಂದು ಬರೆಯುತ್ತಾನೆ. ಸೊಸೆಗೆ ಸಿಗದ ಸಲಿಗೆ.

ಆದ್ದರಿಂದ ಅರ್ಥವನ್ನು ಪಕ್ಕಕ್ಕಿಟ್ಟು ಹೆಸರನ್ನು ಕೂಗಿ ನೋಡಬೇಕು ಎಂಬುದು ಈ ಭಾಷ್ಯದ ನಿಲುವು. ಇದಕ್ಕೆ ಮಲ್ಲತ್ತಹಳ್ಳಿ ಕೆರೆಯೇ ಪ್ರಯೋಗಶಾಲೆ. ಸುಮಾರು 71 ಎಕರೆ, ನಡುವೆ ಮರದ ಅಡ್ಡಿಯಿಲ್ಲ. ಏರಿಯ ಮೇಲೆ ನಿಂತು "ಆದ್ವಿಕ್" ಎಂದು ಕೂಗಿದರೆ ಕೊನೆಯ ಕಕಾರ ಹತ್ತು ಮಾರು ಹೋಗುವಷ್ಟರಲ್ಲಿ ಮುಳುಗುತ್ತದೆ. ಸಂಬೋಧನೆಯ ದೀರ್ಘ ಸಿಗುವ ಹೆಸರುಗಳು, ತಿಮ್ಮಾ, ರಂಗಾ, ಬೋರಾ, ಆಚೆ ದಡ ಮುಟ್ಟುತ್ತವೆ. ಪ್ರಯೋಗದ ತೊಡಕು ಒಂದೇ. "ಲೋ ಗುಂಡಾ" ಎಂದು ಕೂಗಿದರೆ ವಾಕಿಂಗಿಗೆ ಬಂದ ಆರೇಳು ಜನ ಒಟ್ಟಿಗೆ ತಿರುಗಿ ನೋಡುತ್ತಾರೆ, ಅವರಲ್ಲಿ ಒಬ್ಬರ ಆಧಾರ್ ಕಾರ್ಡಿನಲ್ಲೂ ಆ ಹೆಸರಿಲ್ಲ.